ದುರ್ಗಪ್ಪನ ಪಾಲಿನ ಹುರಳಿ

ಮೇಲವಂಕಿಯ ದುರ್ಗಪ್ಪನ ಹಟ ಅಂದರೆ ಹಟ. ಅರವತ್ತು ದಾಟಿದ ಮುದುಕ, ಸಾವ್ಕಾರ ಗುರುಲಿಂಗಪ್ಪನವರ ಎತ್ತುಗಳನ್ನು ನೋಡಿಕೊಳ್ಳುವುದೇ ಅವನ ಬಾಳು. ಕಾರಹುಣ್ಣಿಮೆಯ ಓಟದಲ್ಲಿ ಅವುಗಳ ಹಗ್ಗ ಹಿಡಿದು ಓಡುವವನೂ ಪ್ರತಿವರ್ಷ ಅವನೇ. ಈ ಬೇಸಿಗೆಯಲ್ಲಿ ಮಾತ್ರ ನೊಗ ಎತ್ತಲು ಹೋಗಿ ಕುಸಿದು ಕೂತ. “ಈ ಸಲ ಹಗ್ಗ ನಮ್ಮ ಆಳು ಹುಡುಗ ಪರಸಪ್ಪ ಹಿಡೀಲಿ ಬಿಡು. ನಿನ್ನ ಕೈಲೆ ಇನ್ನ ಆಗೂದಿಲ್ಲ,” ಎಂದುಬಿಟ್ಟರು ಗುರುಲಿಂಗಪ್ಪ. ದುರ್ಗಪ್ಪನಿಗೆ ಎದೆಗೆ ಒದ್ದಂತಾಯಿತು.

ಅದೇ ವಾರ ಗೋಕಾಕದಿಂದ ಗ್ರಾಮಸೇವಿಕೆ ಗೌರವ್ವ ಬಂದು ಕೇರಿಯ ಮುದುಕ ಮುದುಕಿಯರನ್ನು ಬೇವಿನ ಮರದ ಕೆಳಗೆ ಕೂಡಿಸಿದಳು. “ಬರೇ ರೊಟ್ಟಿ ಖಾರ ತಿಂದರ ಕೈಕಾಲಾಗ ಕಸುವು ಎಲ್ಲಿಂದ ಬರ್ತೈತ್ರಿ? ಹುರಳಿ ನೆನಸಿ, ಅರಿವ್ಯಾಗ ಕಟ್ಟಿ, ಮೊಳಕಿ ಬಂದ ಮ್ಯಾಲ ಕುದಿಸಿ ತಿನ್ರಿ. ಹಲ್ಲಿಲ್ಲದವರು ಅರದು ಕುಡೀರಿ.”

“ಹುರಳಿ ಎತ್ತಿನ ಮೇವ್ರಿ ಬಾಯಾರ,” ಎಂದ ದುರ್ಗಪ್ಪ. “ನನ್ನೂ ಎತ್ತಿನ ಜೋಡಿ ಗ್ವಾದಲಿಗೆ ಕಟ್ಟತೀರೇನ?”

ಎಲ್ಲರೂ ನಕ್ಕರು. ಅವನ ಹೆಂಡತಿ ಉದ್ದವ್ವ ನಗಲಿಲ್ಲ. ಸುಗ್ಗಿಯಲ್ಲಿ ಕೂಲಿಗೆ ಬಂದ ಹುರಳಿ ಮನೆಯ ಗಡಿಗೆಯಲ್ಲಿತ್ತು. ಅಂದೇ ನೆನೆಹಾಕಿದಳು.

ಅಂದಿನಿಂದ ಬುತ್ತಿಯಲ್ಲಿ ರೊಟ್ಟಿಯ ಜತೆ ಮೊಳಕೆ ಹುರಳಿ ಹೋಗತೊಡಗಿತು. ಬುತ್ತಿಯೇನೋ ಖಾಲಿಯಾಗಿ ಬರುತ್ತಿತ್ತು. ಆದರೆ ಮುದುಕನ ಮೊಣಕಾಲು ನಡುಗುವುದು ನಿಲ್ಲಲೊಲ್ಲದು. ಎಲಾ ಇವನ, ಏನಿದು ಎಂದು ಉದ್ದವ್ವ ಒಂದು ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ಇಣುಕಿದರೆ, ಈ ಮಹಾರಾಯ ತಾನು ಒಣರೊಟ್ಟಿ ಕಡಿಯುತ್ತ ಹುರಳಿಯನ್ನೆಲ್ಲ ಎತ್ತುಗಳಿಗೆ ತಿನ್ನಿಸುತ್ತಿದ್ದಾನೆ! “ತಿನ್ರೋ ನಮ್ಮಪ್ಪಗೋಳ್ಯಾ, ಓಡಾವರು ನೀವು,” ಎಂದು ಮುದ್ದು ಬೇರೆ.

ಉದ್ದವ್ವನಿಗೆ ಮೈಯೆಲ್ಲ ಉರಿಯಿತು. ಎತ್ತಿನ ಬಾಯಿಗೆ ಔಷಧ ಹೊಯ್ಯುವ ಬಿದಿರಿನ ಗೊಟ್ಟ ಗೋಡೆಯಲ್ಲಿತ್ತು. ಅದನ್ನು ಕಿತ್ತುಕೊಂಡು ಎದುರು ನಿಂತಳು.

“ನೀನಾಗೆ ತಿಂತೀಯೋ, ಗೊಟ್ಟಾ ಹಾಕಿ ಹೊಯ್ಯಲೋ?”

“ಮೂಕ ಪ್ರಾಣಿ ನೋಡಾಕತ್ತಾವ. ಅವಕ್ಕ ಇಡದ ನಾ ಹೆಂಗ ತಿನ್ನಲಿ?”

“ಎತ್ತು ಬಿದ್ದರ ಸಾವ್ಕಾರ ಸಂತ್ಯಾಗಿಂದ ಬ್ಯಾರೇದು ತರ್ತಾನ. ನೀ ಬಿದ್ದರ ನಾ ಯಾವ ಸಂತಿಗೆ ಹೋಗಲಿ?”

ದುರ್ಗಪ್ಪ ಉಳಿದ ಹುರಳಿಯನ್ನು ಬಾಯಿಗೆ ಹಾಕಿಕೊಂಡ. ಮರುದಿನದಿಂದ ಉದ್ದವ್ವ ಎದುರಿಗೇ ಕೂತು ಉಣ್ಣಿಸಿದಳು, ತಾನೂ ಉಂಡಳು.

ಕಾರಹುಣ್ಣಿಮೆಯ ದಿನ ಅವನು ನೊಗವನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ಗುರುಲಿಂಗಪ್ಪನವರ ಅಂಗಳದಲ್ಲಿ ನಿಂತ. ಅವರು ಕಣ್ಣರಳಿಸಿ ನೋಡಿ, ಹಗ್ಗ ಅವನ ಕೈಗೇ ಕೊಟ್ಟರು.

ಸಂಜೆ ಓಟ. ಅಯ್ಯೋ ದೇವರೇ, ಬೇಸಿಗೆಯಲ್ಲಿ ಎರಡೆರಡು ಪಾಲು ತಿಂದು ಕೊಬ್ಬಿದ ಎತ್ತುಗಳು ತೇಕುತ್ತ ಎಲ್ಲರಿಗಿಂತ ಹಿಂದೆ ಬಂದವು! ಗುರುಲಿಂಗಪ್ಪನವರ ಮುಖ ಹುಳ್ಳಗಾಯಿತು. ದುರ್ಗಪ್ಪ ಮಾತ್ರ ಹಗ್ಗ ಬಿಡದೆ, ಏದುಸಿರು ಬಿಡುತ್ತ, ನೇರ ಉದ್ದವ್ವನ ಕಡೆಗೇ ಓಡಿಬಂದ.

“ಬೀಳಲಿಲ್ಲ, ನೋಡಿದೇನ? ಏ, ನಾ ಬೀಳಲಿಲ್ಲ!”