ಕಾರ್ತಹೇನಾದ ಸೋಡಚೀಟಿ

ಕಾರ್ತಹೇನಾ ಊರು ರಾಜಧಾನಿ ಮ್ಯಾಡ್ರಿಡ್ಡಿಗೆ ಸೆಡ್ಡು ಹೊಡೆದು ತನ್ನದೇ ಗಣರಾಜ್ಯ ಕಟ್ಟಿಕೊಂಡು ಮೆರೆದದ್ದು ಬರೀ ಆರು ತಿಂಗಳು. ರೊಟ್ಟಿಯಂಗಡಿಯ ಫುಲ್ಹೆನ್ಸಿಯೊನ ಸಂಸಾರ ಮುರಿಯಲು ಅಷ್ಟು ಸಾಕಾಯಿತು. ಹೊಸ ಸರ್ಕಾರ ಗಂಡಹೆಂಡಿರನ್ನು ಬೇರ್ಪಡಿಸುವ ಸೋಡಚೀಟಿಗೆ ಒಪ್ಪಿದ್ದೇ ತಡ, ಹೆಂಡತಿ ಫ್ಲೋರೆಂತಿನಾ ಅವನನ್ನು ಬಿಟ್ಟು, ಯುದ್ಧದ ಹಡಗಿನಲ್ಲಿ ಕಲ್ಲಿದ್ದಲು ಹಾಕುತ್ತಿದ್ದ ಲಿಯಾಂದ್ರೊನನ್ನು ಕಟ್ಟಿಕೊಂಡಳು. ಅವಳನ್ನು ದೂರಿ ಫಲವೇನು? ಲಿಯಾಂದ್ರೊ ಮಾತಿನ ಮಲ್ಲ. ಫುಲ್ಹೆನ್ಸಿಯೊ ತನ್ನ ಒಲೆಯಷ್ಟೇ ಮೂಕ.

ಮ್ಯಾಡ್ರಿಡ್ಡಿನ ಫಿರಂಗಿಗೆ ಊರು ಶರಣಾದಾಗ ಆ ಹಡಗು ಬಂಡಾಯಗಾರರನ್ನು ಹೊತ್ತು ಕಡಲಾಚೆಯ ಒರಾನಿಗೆ ಓಡಿತು. ಲಿಯಾಂದ್ರೊ ಅದರಲ್ಲಿದ್ದ. ನೂಕುನುಗ್ಗಲಿನಲ್ಲಿ ಫ್ಲೋರೆಂತಿನಾ ದಡದಲ್ಲೇ ಉಳಿದಳು. ಹಳೆಯ ಕಾನೂನು ಮರಳಿತು, ಸೋಡಚೀಟಿ ರದ್ದಾಯಿತು, ಅವಳೂ ಫುಲ್ಹೆನ್ಸಿಯೊನ ಮನೆಗೆ ಮರಳಬೇಕಾಯಿತು.

ಬಂದವಳು ಹಿಟ್ಟಿನ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡಳು. ಗಿರಾಕಿ ಹೆಂಗಸರು ಕೆಣಕದೆ ಬಿಟ್ಟಾರೆಯೇ?

"ಅಂತೂ ಗಂಡನ್ ಮನೆ ಸೇರ್ಕೊಂಡ್ಯಲ್ಲೇ!"

"ಯಾರ್ ಗಂಡ? ನಾನ್ ಬಿಟ್ಟಿದ್ದು ಬಿಟ್ಟಿದ್ದೇ. ನಿಂಗೆ ರೊಟ್ಟಿ ಬೇಕೋ, ಹರಟೆ ಬೇಕೋ?"

ಒಳಗೆ ಹಿಟ್ಟು ನಾದುತ್ತಿದ್ದ ಫುಲ್ಹೆನ್ಸಿಯೊಗೆ ಎಲ್ಲವೂ ಕೇಳಿಸುತ್ತಿತ್ತು. ಒಂದೇ ಒಂದು ಸಲ ಅವಳು ತನ್ನನ್ನು ಗಂಡ ಅಂದಾಳೇ ಎಂದು ಅವನ ಜೀವ ಹಂಬಲಿಸುತ್ತಿತ್ತು. ಬಾಯಿಬಿಟ್ಟು ಕೇಳುವ ಎದೆಗಾರಿಕೆ ಮಾತ್ರ ಬರಲಿಲ್ಲ.

ವಸಂತದಲ್ಲಿ ಕೂಲಿಗಳನ್ನು ತುಂಬಿಕೊಂಡು ದೋಣಿಗಳು ಒರಾನಿಗೆ ಹೊರಟವು. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆಯಿಲ್ಲದೆ ಹತ್ತುವಂತಿರಲಿಲ್ಲ. ದಿನವೂ ಕೋಟೆಯ ಮೇಲೆ ನಿಂತು ಕಡಲನ್ನೇ ನೋಡಿ ಬರುವವಳ ಕೆಂಪು ಕಣ್ಣು ಕಂಡು ಕಂಡು ಅವನಿಗೆ ಸಾಕಾಯಿತು.

"ನಾಳೆ ದೋಣಿ ಹೊರಡತ್ತೆ. ಶಾಲು ಇಟ್ಕೋ, ಗಾಳಿ ಜಾಸ್ತಿ," ಎಂದ ಒಂದು ದಿನ. "ನಾನೇ ಬಂದು ಒಪ್ಪಿಗೆ ಹೇಳ್ತೀನಿ."

"ತಮಾಷೆ ಮಾಡ್ತಿದೀರಾ?"

"ನಂಗ್ ಯಾವತ್ತು ತಮಾಷೆ ಬಂದಿತ್ತು?"

ದಡದಲ್ಲಿ ದೋಣಿಯವನು ಇಬ್ಬರನ್ನೂ ಅನುಮಾನದಿಂದ ನೋಡಿದ.

"ನನ್ ಹೆಂಡ್ತಿ. ಕರ್ಕೊಂಡ್ ಹೋಗಿ," ಎಂದ ಫುಲ್ಹೆನ್ಸಿಯೊ.

"ದಾರೀಲ್ ಸಿಕ್ಕೋರನ್ನ ಗಂಡ ಅಂತ ಕರ್ಕೊಂಡ್ ಬರೋರು ಬೇಕಾದಷ್ಟಿದಾರೆ ಸ್ವಾಮಿ. ನೀನ್ ಹೇಳವ್ವಾ, ಇವ್ರು ಯಾರು?"

ಫ್ಲೋರೆಂತಿನಾ ಕಡಲನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ನನ್ ಗಂಡ," ಎಂದಳು.

ಫುಲ್ಹೆನ್ಸಿಯೊನ ಎದೆ ತುಂಬಿ ಬಂತು. ಇನ್ನೊಂದು ಸಲ ಹೇಳು ಅನ್ನಬೇಕೆನಿಸಿತು. ಅವಳ ಬಟ್ಟೆಗಂಟನ್ನು ಎತ್ತಿ ದೋಣಿಯೊಳಗೆ ಇಟ್ಟುಕೊಟ್ಟ.