ತಾಲೀಮಿನ ಶಾಯಿ

2025ರ ಫೆಬ್ರವರಿ 7, ಶುಕ್ರವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ನಾಲ್ಕನೇ ತರಗತಿಗೆ ಚುನಾವಣೆ ಎಂದರೇನೆಂದು ಕಲಿಸಲು ಏರ್ಪಡಿಸಿದ್ದ ಲೀಡರ್ ಆಯ್ಕೆಯನ್ನು ನೋಡಲು ಶಿಕ್ಷಣಾಧಿಕಾರಿ ಬಂದು ಕುಳಿತರು. ಅವರು ಮೆಚ್ಚಿದರೆ ಶಾಲೆಗೆ ‘ಮಾದರಿ’ ಎಂಬ ಫಲಕ. ಫಲಕ ಬಂದರೆ ಹೆಡ್‌ಮಾಸ್ಟರಿಗೆ ಬಡ್ತಿ. ಮಕ್ಕಳು ಕಲಿತರೆ ಏನು ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಹೆಡ್‌ಮಾಸ್ಟರು ಪ್ರಜಾಪ್ರಭುತ್ವವನ್ನು ಅಚ್ಚುಕಟ್ಟಾಗಿ ಜೋಡಿಸಿದ್ದರು. ಆಡಳಿತ ಮಂಡಳಿ ಅಧ್ಯಕ್ಷರ ಮೊಮ್ಮಗ ಗೆಲ್ಲಬೇಕು. ಎದುರಿಗೊಬ್ಬಳು ಇರಲಿ ಎಂದು ದರ್ಜಿಯ ಮಗಳನ್ನು ನಿಲ್ಲಿಸಿದ್ದರು. ಯಾರಿಗೆ ಮತ ಹಾಕಬೇಕೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ಮೊಮ್ಮಗನ ಹೆಸರು ಕೆತ್ತಿದ ಬ್ಯಾಡ್ಜ್ ಆಗಲೇ ಅವರ ಜೇಬಿನಲ್ಲಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಅದರ ಮೇಲೆ ಹೆಸರನ್ನೂ ಹೊಲಿಸಿದವರು ಇವರೊಬ್ಬರೇ.

ವಿಜ್ಞಾನ ಕಲಿಸುವ ನನ್ನ ಪಾಲಿಗೆ ಬಂದದ್ದು ಶಾಯಿ. ಬೆರಳಿನ ಮೇಲೆ ಉಳಿಯುವಂಥ ನಿಜವಾದ ಶಾಯಿಯೇ ಆಗಬೇಕೆಂದರು. ಸಿಲ್ವರ್ ನೈಟ್ರೇಟನ್ನು ಮಕ್ಕಳ ಚರ್ಮಕ್ಕೆ ತೊಂದರೆಯಾಗದಷ್ಟು ತೆಳುವಾಗಿ ಕಲಸಿಕೊಟ್ಟೆ. ಬುಧವಾರ ತಾಲೀಮಿಗೂ ಅವರು ಅದೇ ಸೀಸೆ ತೆಗೆದರು.

“ಸರ್, ತಾಲೀಮಿಗೆ ಪೆನ್ನಿನ ಇಂಕ್ ಸಾಕು. ಇದು ವಾರ ಕಳೆದ್ರೂ ಹೋಗಲ್ಲ,” ಎಂದೆ.

“ಹೋಗ್ಬಾರ್ದು ಅಂತಾನೇ ಅಲ್ವೇನ್ರೀ ಮಾಡ್ಸಿದ್ದು? ನಿಮ್ಮ ಸೈನ್ಸು ಲ್ಯಾಬಲ್ಲಿರಲಿ. ಫೋಟೋದಲ್ಲಿ ಕಪ್ಪಗೆ ಕಾಣ್ಬೇಕು.”

ಬೆರಳೆತ್ತುವ ಕೋನ ಸರಿಯಾಗುವವರೆಗೂ ಮಕ್ಕಳ ಬೆರಳಿಗೆ ಬಳಿಸಿದರು.

ಈಗ ಮೇಜಿನ ಹಿಂದೆ ಮತಗಟ್ಟೆ ಅಧಿಕಾರಿಯಾಗಿ ಕುಳಿತಿದ್ದವಳು ಒಂಬತ್ತು ವರ್ಷದ ಹುಡುಗಿ. ಎಲ್ಲದಕ್ಕೂ ನಿಯಮ ಹೇಳುತ್ತಾಳೆಂದು ತರಗತಿಯವರು ಅವಳನ್ನು ಲಾಯರಮ್ಮ ಎನ್ನುತ್ತಿದ್ದರು. ಸಾಲಿನಲ್ಲಿ ಮೊದಲು ನಿಂತಿದ್ದವನು ಮೊಮ್ಮಗ. ಅವನ ಬೆರಳು ಹಿಡಿದು ನೋಡಿದಳು.

“ನಿಂದು ಆಗಿದೆ. ಹೋಗು.”

“ಅದು ಮೊನ್ನೆದು ಕಣೇ.”

“ಗುರುತಿದ್ರೆ ಇನ್ನೊಂದ್ಸಲ ಇಲ್ಲ. ಮುಂದಿನವ್ರು ಬನ್ನಿ.”

ಮುಂದಿನವರ ಬೆರಳೂ ಕಪ್ಪು. ಅವರ ಹಿಂದಿನವರದೂ. ಹೆಡ್‌ಮಾಸ್ಟರು ಮೇಜಿನತ್ತ ಬಾಗಿ, ಶಿಕ್ಷಣಾಧಿಕಾರಿಗೆ ಕೇಳಿಸದ ಹಾಗೆ, “ಪುಟ್ಟಿ, ಇವತ್ತೊಂದಿನ ಬಿಟ್ಬಿಡಮ್ಮ. ನಾನು ಹೇಳ್ತಿದೀನಲ್ಲ,” ಎಂದರು.

“ಯಾರು ಹೇಳಿದ್ರೂ ಬಿಡ್ಬೇಡ ಅಂತ ನೀವೇ ಹೇಳಿದ್ದು ಸರ್. ಆಮೇಲೆ, ಇಲ್ಲಿ ಯಾರೂ ಮಾತಾಡಂಗಿಲ್ಲ.”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶಿಕ್ಷಣಾಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು.

“ಅಳಿಸೋಕೆ ಏನಾದ್ರೂ ಇದ್ಯೇನ್ರೀ?”

“ಚರ್ಮ ಸುಲಿದ್ರೆ ಹೋಗುತ್ತೆ ಸರ್.”

ಬುಧವಾರ ಜ್ವರವೆಂದು ಮನೆಯಲ್ಲೇ ಉಳಿದಿದ್ದ ಒಬ್ಬಳ ಬೆರಳು ಮಾತ್ರ ಬೆಳ್ಳಗಿತ್ತು. ಬಾಯಿಪಾಠಕ್ಕೂ ಅವಳು ಸಿಕ್ಕಿರಲಿಲ್ಲ. ರಟ್ಟಿನ ಮರೆಗೆ ಹೋಗಿ, ಸಾಕಷ್ಟು ಯೋಚಿಸಿ, ಚೀಟಿ ಹಾಕಿ ಬಂದಳು. ಲಾಯರಮ್ಮ ಎಲ್ಲರೆದುರು ಡಬ್ಬಿ ತೆರೆದಳು. ದರ್ಜಿಯ ಮಗಳು ಗೆದ್ದಿದ್ದಳು.

ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು. ತಾಲೀಮು ಮಾಡಿದ ಕೈ, ಯಾರು ಗೆದ್ದರೆಂದು ಕೇಳಲಿಲ್ಲ. ಫಲಕದ ಆಸೆ ಇನ್ನೂ ಸತ್ತಿರಲಿಲ್ಲ; ನನ್ನ ಕಿವಿಯ ಹತ್ತಿರ ಬಂದು, “ಬೋರ್ಡ್ ಮೇಲೆ ಮತದಾನ ನೂರಕ್ಕೆ ನೂರು ಅಂತ ಬರೀರಿ,” ಎಂದರು.

ಸೀಮೆಸುಣ್ಣ ತೆಗೆದುಕೊಂಡು ಬರೆದೆ: ಮತದಾರರು 40, ಬಿದ್ದ ಮತ 1, ಮತದಾನ ಶೇಕಡಾ 2.5.