ಜೆಲ್ಲಿಯ ಕಿವಿ

ಮೂಡುಬಿದಿರೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುವ ಸುಪ್ರೀತಾ ತಯಾರಿಸಿದ್ದು ಕಿವಿಯ ಆಕಾರದ ಒಂದು ಜೆಲ್ಲಿ, ಅಷ್ಟೇ. ಇಂಥ ಜೆಲ್ಲಿಗೆ ಜೀವಕೋಶ ಬೆರೆಸಿ, ಯಂತ್ರದ ಸೂಜಿಯಿಂದ ಪದರ ಪದರವಾಗಿ ಹಾಕುತ್ತ ಹೋದರೆ ಮುಂದೊಂದು ದಿನ ಚರ್ಮ, ಮೂಗು, ಕಿವಿಗಳನ್ನೂ ಮುದ್ರಿಸಿಕೊಳ್ಳಬಹುದು ಎಂದು ವಿಜ್ಞಾನ ಪ್ರದರ್ಶನಕ್ಕೆ ಬಂದವರಿಗೆ ವಿವರಿಸಿದ್ದಳು. ‘ಮುಂದೊಂದು ದಿನ’ ಎಂಬ ಮಾತನ್ನು ಒತ್ತಿ ಒತ್ತಿ ಹೇಳಿದ್ದಳು. ಮರುದಿನದ ಪತ್ರಿಕೆಯಲ್ಲಿ ಆ ಮಾತೊಂದೇ ಇರಲಿಲ್ಲ. ‘ಮೂಡುಬಿದಿರೆಯಲ್ಲಿ ಕಿವಿ ತಯಾರು’ ಎಂದಿತ್ತು. ಕೆಳಗೆ ಅವಳ ಫೋಟೊ, ಕಾಲೇಜಿನ ನಂಬರು.

ಫೋನುಗಳು ಶುರುವಾದವು. ಮುಂಡಾಜೆಯ ಸೇಸಮ್ಮ ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನಲ್ಲಿ ಕೈ ಸುಟ್ಟುಕೊಂಡಿದ್ದರು, ಅವರಿಗೆ ಹೊಸ ಚರ್ಮ ಬೇಕಿತ್ತು. ಅಳದಂಗಡಿಯ ಒಬ್ಬರಿಗೆ ತಲೆಕೂದಲು. ಮತ್ತೊಬ್ಬಳು ಮದುವೆಗೆ ಮೊದಲು ಮೂಗು ಸಪೂರ ಮಾಡಿ ಕೊಡ್ತೀರಾ ಎಂದು ಕೇಳಿದಳು. ಪ್ರತಿಯೊಬ್ಬರಿಗೂ ‘ಇಲ್ಲ’ ಎಂದು ಹೇಳಿ ಹೇಳಿ ಸುಪ್ರೀತಾಳ ಗಂಟಲು ಒಣಗಿತು. ತಿದ್ದುಪಡಿ ಹಾಕಿ ಎಂದು ಪತ್ರಿಕೆಯವರನ್ನು ಕೇಳಿದರೆ, “ನೋಡುವ ಮೇಡಂ” ಎಂದು ಜಾರಿಕೊಂಡರು.

ಪ್ರಿನ್ಸಿಪಾಲ್ ಲೋಕನಾಥ ಅವರಿಗೆ ಮಾತ್ರ ಖುಷಿಯೋ ಖುಷಿ. “ಇಲ್ಲ ಅಂತ ಯಾಕೆ ಹೇಳ್ತೀರಿ ಮಾರಾಯ್ರೆ? ಸಂಶೋಧನೆ ನಡೀತಾ ಉಂಟು ಅಂತ ಹೇಳಿ. ಅದು ಸುಳ್ಳಲ್ಲವಲ್ಲ?”

ಆ ವಾರವೇ ಬಂಟ್ವಾಳದಿಂದ ಹಸನಬ್ಬ ಎಂಬ ಮುದುಕರು ಬಂದರು, ಮೊಮ್ಮಗಳು ಫಾಯಿಝಾಳ ಕೈ ಹಿಡಿದುಕೊಂಡು. ಏಳನೇ ಕ್ಲಾಸಿನ ಹುಡುಗಿ. ಹುಟ್ಟುವಾಗಲೇ ಅವಳಿಗೆ ಬಲಗಿವಿ ಇರಲಿಲ್ಲ.

“ನಾಳೆ ಇವಳಿಗೆ ಮದುವೆ ಗಿದುವೆ ಅಂತ ಆಗ್ಬೇಕಲ್ಲ ಮೇಡಂ,” ಎಂದರು ಮುದುಕರು. “ಒಂದು ಕಿವಿ ಮಾಡಿ ಕೊಡಿ.”

ಸುಪ್ರೀತಾ ಜೆಲ್ಲಿಯ ಕಿವಿಯನ್ನು ತಂದು ಅವರ ಅಂಗೈಯಲ್ಲಿಟ್ಟಳು. ಮುಟ್ಟಿದಲ್ಲೇ ಅದರ ಅಂಚು ಕಿತ್ತುಬಂತು.

“ಇದರಲ್ಲಿ ಜೀವ ಇಲ್ಲ ಅಜ್ಜ. ಅಂಟಿಸಿದರೂ ನಿಲ್ಲುವುದಿಲ್ಲ.”

“ಮತ್ತೆ ಪೇಪರಿಗೆ ಯಾಕೆ ಕೊಟ್ಟದ್ದು ನೀವು?”

ಅಷ್ಟರಲ್ಲಿ ಹುಡುಗಿ ಮೆಲ್ಲಗೆ ಹೇಳಿದಳು: “ನನಗೆ ಕಿವಿ ಬೇಡ ಟೀಚರ್. ತಲೆಗೆ ಶಾಲು ಹಾಕಿದರೆ ಕಾಣುವುದಿಲ್ಲ. ಕನ್ನಡಕ ನಿಲ್ಲುವುದಿಲ್ಲ, ಅದೊಂದೇ. ಬೋರ್ಡು ನೋಡಿ ಬರೆಯುವಾಗ ಜಾರ್ತದೆ. ದಾರ ಕಟ್ಟಿದರೆ ಎಲ್ಲರೂ ನಗಾಡ್ತಾರೆ.”

ಅದಾದರೆ ಆಗುವ ಕೆಲಸ. ಪಕ್ಕದ ವಿಭಾಗದಲ್ಲಿದ್ದ ಸಾಧಾರಣ ಪ್ಲಾಸ್ಟಿಕ್ ಮುದ್ರಣ ಯಂತ್ರದಲ್ಲಿ ಸುಪ್ರೀತಾ ಒಂದು ಪುಟ್ಟ ಕ್ಲಿಪ್ಪು ಮುದ್ರಿಸಿದಳು, ಕನ್ನಡಕದ ಕಡ್ಡಿಯನ್ನು ಶಾಲಿನ ಅಂಚಿಗೆ ಹಿಡಿದಿಡುವಂಥದ್ದು. ಮೊದಲನೆಯದು ಮುರಿಯಿತು, ಎರಡನೆಯದು ಕೆನ್ನೆಗೆ ಒತ್ತಿತು, ಮೂರನೆಯದು ನಿಂತಿತು. ಫಾಯಿಝಾ ತಲೆಯನ್ನು ಜೋರಾಗಿ ಅಲ್ಲಾಡಿಸಿ ನೋಡಿದಳು. ಕನ್ನಡಕ ಜಾರಲಿಲ್ಲ. ಆ ವಾರದಲ್ಲಿ ಸುಪ್ರೀತಾ ನಕ್ಕದ್ದು ಅದೊಂದೇ ಸಲ.

ಬಾಗಿಲಲ್ಲಿ ಲೋಕನಾಥರು ಮೊಬೈಲ್ ಹಿಡಿದು ನಿಂತಿದ್ದರು. ಫೋಟೊ ತೆಗೆದಾಗಿತ್ತು.

“ಸರ್, ಅದು ಬರೇ ಪ್ಲಾಸ್ಟಿಕ್. ಬಟ್ಟೆಗೆ ಹಾಕುವ ಕ್ಲಿಪ್ಪಿನ ಹಾಗೆ. ದಯವಿಟ್ಟು ಯಾರಿಗೂ ಕಳಿಸ್ಬೇಡಿ.”

“ಆಯ್ತು, ಆಯ್ತು,” ಎಂದರು ಅವರು.

ಸೋಮವಾರದ ಪತ್ರಿಕೆಯಲ್ಲಿ ‘ಕಿವಿ ಪಡೆದ ಬಾಲಕಿ’ ಎಂದು ಬಂತು.

ಸುಪ್ರೀತಾ ಹಸನಬ್ಬರಿಗೆ ಫೋನ್ ಮಾಡಿದಳು. “ಮನೆ ತುಂಬ ಜನ ಮೇಡಂ,” ಎಂದರು ಅವರು. “ಹೊಸ ಕಿವಿ ತೋರಿಸಿ ಅಂತ. ಹುಡುಗಿ ಕೋಣೆಯಿಂದ ಹೊರಗೆ ಬರ್ತಾ ಇಲ್ಲ. ಶಾಲೆಗೂ ಹೋಗ್ಲಿಲ್ಲ.”

ಲೋಕನಾಥರ ಕೋಣೆಗೆ ಹೋಗಿ ಅವಳು ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ಅವರು ಕಡೆಗೆ ಹೇಳಿದ್ದು, “ಕಾಲೇಜಿಗೆ ಒಳ್ಳೆದಾದದ್ದಲ್ಲವಾ?” ಎಂದಷ್ಟೇ. ರಜೆಯ ಚೀಟಿಯನ್ನು ಅವರ ಮೇಜಿನ ಮೇಲಿಟ್ಟು ಸುಪ್ರೀತಾ ಬಂಟ್ವಾಳದ ಬಸ್ಸು ಹತ್ತಿದಳು.

ಹಸನಬ್ಬರ ಜಗಲಿಯಲ್ಲಿ ಸಂಜೆಯವರೆಗೂ ಕೂತು, ಬಂದವರಿಗೆಲ್ಲ ಅದನ್ನೇ ಹೇಳಿದಳು: ಕಿವಿ ಮಾಡಿಲ್ಲ, ಮಾಡಲು ಬರುವುದಿಲ್ಲ, ಪೇಪರಿನಲ್ಲಿ ಬಂದದ್ದು ಸುಳ್ಳು. ಕೆಲವರು ತಲೆಯಾಡಿಸಿ ಎದ್ದು ಹೋದರು. ಒಬ್ಬರು ಮಾತ್ರ ಹೋಗುವ ಮೊದಲು ಹತ್ತಿರ ಬಂದು, ತನ್ನ ತಮ್ಮನಿಗಾದರೂ ಗುಟ್ಟಾಗಿ ಒಂದು ಕಿವಿ ಮಾಡಿ ಕೊಡಬಹುದಾ ಎಂದು ಕೇಳಿದರು.

ಫಾಯಿಝಾ ಕೊನೆಗೂ ಹೊರಗೆ ಬರಲಿಲ್ಲ. ಕೋಣೆಯ ಬಾಗಿಲಿನ ಹೊರಗೆ ನಿಂತು ಸುಪ್ರೀತಾ “ತಪ್ಪಾಯ್ತು ಮಗಾ” ಎಂದಳು. ಹಸನಬ್ಬ ತಾವೇ ಒಂದು ಲೋಟ ಚಾ ತಂದು ಕೊಟ್ಟರು.